ಟಕರ್‌ಗೆ ನೆನಪಿಲ್ಲದ ಗೋಲು

ತನಿಷಾ ಅಮೆರಿಕದ ಮಿಷಿಗನ್ ರಾಜ್ಯದ ಓಕ್‌ಲೆಂಡ್ ಹೆರನ್ಸ್ ಎಂಬ ವೃತ್ತಿಪರ ಐಸ್ ಹಾಕಿ ತಂಡದ ಟ್ರೇನರ್. ಆಟಗಾರನಿಗೆ ಪೆಟ್ಟಾದರೆ ಮೊದಲು ಓಡಿಹೋಗಿ ನೋಡುವವಳು ಅವಳು. ಮುಂದೆ ಆಡಬಹುದೋ ಬೇಡವೋ ಎಂದು ಹೇಳುವುದೂ ಅವಳ ಕೆಲಸವೇ. ರಾಚೆಸ್ಟರ್ ಹಿಲ್ಸ್‌ನಲ್ಲಿ ಹುಟ್ಟಿ ಬೆಳೆದ ಮಗಳು ಡಾಕ್ಟರಾಗಲಿಲ್ಲವಲ್ಲ ಎಂಬ ಕೊರಗು ತಾಯಿ ಶುಭಾ ಅವರಿಗೆ ಇದ್ದೇ ಇತ್ತು. ಆದರೆ ಹಿಂದಿನ ವರ್ಷ ಲೀಗಿನಲ್ಲಿ ಕಟ್ಟಕಡೆಗಿದ್ದ ತಂಡ ಈ ಸಲ ಒಂದೇ ಸಮನೆ ಗೆಲ್ಲತೊಡಗಿದಾಗ ಆ ಕೊರಗು ಎಲ್ಲಿ ಹೋಯಿತೋ! ಕನ್ನಡ ಕೂಟದ ಯುಗಾದಿಗೂ ಅವರು ಸೀರೆಯ ಮೇಲೆ ಹೆರನ್ಸ್ ಜೆರ್ಸಿ ಹಾಕಿಕೊಂಡೇ ಹೋಗಿದ್ದರು.

ಗೆಲುವಿನ ಬಹುಪಾಲು ಟಕರ್ ಎಂಬ ಹುಡುಗನದು. ಮಿಷಿಗನ್ನಿನ ಉತ್ತರದ ಹಳ್ಳಿಯವನು. ಶುಭಾ ಕಳಿಸುತ್ತಿದ್ದ ನಿಪ್ಪಟ್ಟಿನ ಡಬ್ಬಿಗೆ ಎಲ್ಲರಿಗಿಂತ ಮೊದಲು ಕೈ ಹಾಕುತ್ತಿದ್ದವನೂ ಅವನೇ.

ಫೈನಲ್ ನಡೆದದ್ದು ಚಿಕಾಗೋದಲ್ಲಿ. ಎರಡೂ ತಂಡಗಳು ಸಮ ನಿಂತಿದ್ದಾಗ ಎದುರಾಳಿಯೊಬ್ಬ ಟಕರ್‌ನನ್ನು ಅಂಕಣದ ಸುತ್ತಲಿನ ಗೋಡೆಗೆ ಅಪ್ಪಳಿಸಿದ. ತನಿಷಾ ಅವನನ್ನು ಒಳಗೆ ಕರೆತಂದು ಕೂರಿಸಿ, "ನಾವೀಗ ಎಲ್ಲಿದೀವಿ?" ಎಂದು ಕೇಳಿದಳು.

"ಡೆಟ್ರಾಯ್ಟ್," ಎಂದು ಟಕರ್ ನಕ್ಕ.

ಅವಳು ಕೋಚ್ ಮರ್ಡಾಕ್‌ಗೆ ನೇರವಾಗಿ ಹೇಳಿದಳು: "ತಲೆಗೆ ಪೆಟ್ಟಾಗಿದೆ. ಇವತ್ತು ಇವನು ಆಡುವ ಹಾಗಿಲ್ಲ."

"ಇದು ಫೈನಲ್ ಅಂತ ಗೊತ್ತು ತಾನೆ?"

"ಗೊತ್ತು. ಇನ್ನೊಂದು ಪೆಟ್ಟು ಬಿದ್ರೆ ಸತ್ತೇ ಹೋಗಬಹುದು ಅಂತಲೂ ಗೊತ್ತು."

ಮರ್ಡಾಕ್ ತಂಡದ ಡಾಕ್ಟರನ್ನು ಕರೆಸಿದ. ಆತ ಕಣ್ಣಿಗೆ ಟಾರ್ಚ್ ಬಿಟ್ಟು, ತನಿಷಾಳ ಮುಖ ನೋಡದೆ, "ಆಡಲಿ" ಎಂದ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಮರ್ಡಾಕ್ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದ, ದಾರಿಗಡ್ಡವಿದ್ದ ಕುರ್ಚಿಯನ್ನು ಸರಿಸುವ ಹಾಗೆ. ಟಕರ್ ಆಡಿದ. ಗೆಲುವಿನ ಗೋಲನ್ನೂ ಹೊಡೆದ.

ಮನೆಗೆ ಬಂದ ಮಗಳು ಸಿಡಿಮಿಡಿಗುಟ್ಟುವುದನ್ನು ಕಂಡು ಶುಭಾ, "ಕಪ್ ಗೆದ್ದಿದೀರ, ಯಾಕೆ ಹೀಗಾಡ್ತೀಯ? ಡಾಕ್ಟ್ರೇ ಹೇಳಿದ್ರಲ್ಲ. ಸುಮ್ನೆ ಕೆಲಸ ಕಳ್ಕೋಬೇಡ," ಎಂದರು.

"ಅಮ್ಮಾ, ಪ್ಲೀಸ್. ಯು ಡೋಂಟ್ ನೋ," ಎಂದಳು ತನಿಷಾ.

ಎರಡು ದಿನ ಬಿಟ್ಟು ಟಕರ್ ಮನೆಗೇ ಬಂದ. ಒಳಗೆ ಬಂದರೂ ಕಪ್ಪು ಕನ್ನಡಕ ತೆಗೆಯಲಿಲ್ಲ. "ಆಂಟಿ, ಆ ಕರ್ಟನ್ ಎಳೀತೀರಾ?" ಎಂದು ಕೇಳಿ ಸೋಫಾದ ಮೂಲೆಯಲ್ಲಿ ಕುಳಿತ. ಆಮೇಲೆ ತನಿಷಾಳತ್ತ ತಿರುಗಿ, "ವಿಡಿಯೋ ನೋಡಿದೆ. ಗೋಲ್ ಹೊಡೆದಿದ್ದು ನಾನೇ ಅಂತೆ. ಬೇರೆ ಯಾರನ್ನೋ ನೋಡಿದ ಹಾಗಿತ್ತು," ಎಂದ.

ಶುಭಾ ಡಬ್ಬಿ ತರಲು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಶನಿವಾರ ವಿಜಯೋತ್ಸವ. ವೇದಿಕೆಯ ಮೇಲೆ ಗೆದ್ದ ಕಪ್, ಆಟಗಾರರು. ಕೆಳಗೆ ಸಾವಿರಾರು ಜನ. ಮರ್ಡಾಕ್ ಮೈಕ್ ಹಿಡಿದು, "ಟಕರ್‌ನನ್ನು ಮತ್ತೆ ಆಟಕ್ಕೆ ಸಿದ್ಧಪಡಿಸಿದ ನಮ್ಮ ತನಿಷಾಗೆ ಒಂದು ಚಪ್ಪಾಳೆ!" ಎಂದ.

ತನಿಷಾಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಿನಿಂದ ಸರಿಸಿದ್ದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವನು ಮಾಡಿದ ಪಾಪವನ್ನು ತನ್ನ ಹೆಸರಿಗೇ ಕಟ್ಟುತ್ತಿದ್ದಾನಲ್ಲ! ನೇರ ಹೋಗಿ ಅವನ ಕೈಯಿಂದ ಮೈಕ್ ಕಿತ್ತುಕೊಂಡಳು.

"ನಾನು ಬೇಡ ಅಂದೆ. ನನ್ನನ್ನು ಬಾಗಿಲಿಂದ ಎಳೆದುಹಾಕಿ ಟಕರ್‌ನನ್ನು ಆಡಿಸಿದರು. ಆ ಗೋಲು ಇವನಿಗೆ ನೆನಪೇ ಇಲ್ಲ."

ಯಾರೋ ಮೈಕ್ ಬಂದ್ ಮಾಡಿದರು. ಜನ ಕೂಗಿದರು, ಆದರೆ ಮರ್ಡಾಕ್‌ನ ಮೇಲಲ್ಲ, ಅವಳ ಮೇಲೆ. "ಕೆಳಗಿಳಿ!" ಎಂದರು. ಯಾರೋ ಪಾಪ್‌ಕಾರ್ನ್ ಎಸೆದರು.

ಮುಂದಿನ ಸಾಲಿನಲ್ಲಿದ್ದ ಶುಭಾ ಎದ್ದು ಜನರತ್ತ ತಿರುಗಿ ನಿಂತರು. "ಆ ಹುಡುಗ ಬೆಳಕು ನೋಡಕ್ಕಾಗ್ದೆ ಒದ್ದಾಡ್ತಿದಾನೆ! ನಿಮಗೆ ಬರೀ ಗೆದ್ದ ಕಪ್ ಕಾಣತ್ತಾ? ನಾಚಿಕೆ ಆಗಲ್ವಾ?" ಕೋಪದಲ್ಲಿ ಕನ್ನಡವೇ ಬಂದುಬಿಟ್ಟಿತ್ತು. ಯಾರಿಗೂ ಅರ್ಥವಾಗಲಿಲ್ಲವೆಂದು ತಿಳಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಇನ್ನೂ ಜೋರಾಗಿ ಹೇಳಿದರು. ವೇದಿಕೆಯ ಮೇಲೆ ಟಕರ್ ತಲೆ ತಗ್ಗಿಸಿ ಕುಳಿತಿದ್ದ. ಅವನ ಪಕ್ಕದಲ್ಲಿದ್ದ ಗೋಲ್‌ಕೀಪರ್ ಒಬ್ಬನೇ ತನ್ನ ಕೊರಳ ಪದಕ ತೆಗೆದು ಜೇಬಿಗೆ ಹಾಕಿಕೊಂಡ.

ಲೀಗು ವಿಚಾರಣೆ ಮಾಡಿ ಡಾಕ್ಟರಿಗೆ ಎಚ್ಚರಿಕೆ ಕೊಟ್ಟು ಕೈ ತೊಳೆದುಕೊಂಡಿತು. ತಂಡ ತನಿಷಾಳನ್ನು ಮತ್ತೆ ಕರೆಯಲಿಲ್ಲ. ಟಕರ್ ತನ್ನ ಊರಿಗೆ ಹೋದ. ಮತ್ತೆ ಐಸಿಗೆ ಇಳಿಯಲಿಲ್ಲ; ಆಗಾಗ ಫೋನ್ ಮಾಡುತ್ತಾನೆ, ಒಮ್ಮೊಮ್ಮೆ ಕೇಳಿದ್ದನ್ನೇ ಕೇಳುತ್ತಾನೆ. ತನಿಷಾ ಈಗ ಕ್ಯಾಂಟನ್‌ನ ಹೈಸ್ಕೂಲೊಂದರಲ್ಲಿ ಟ್ರೇನರ್. ಅಲ್ಲೂ ಅಪ್ಪಂದಿರು ಬಂದು ಜಗಳ ಕಾಯುತ್ತಾರೆ. ಅವಳು ಬೇಡವೆಂದ ಮಕ್ಕಳು ಬೆಂಚಿನ ಮೇಲೇ ಕೂರುತ್ತಾರೆ.

ಮರ್ಡಾಕ್‌ನನ್ನು ಮಾತ್ರ ಇನ್ನೂ ದೊಡ್ಡ ತಂಡವೊಂದು ಕರೆಸಿಕೊಂಡಿತು. ಟಿವಿಯಲ್ಲಿ ಅವನ ಮುಖ ಕಂಡಕೂಡಲೇ ತನಿಷಾ ರಿಮೋಟ್ ಒತ್ತಿದಳು.

"ಯಾಕೆ ಆಫ್ ಮಾಡ್ದೆ?" ಎಂದರು ಶುಭಾ. "ಹಾಕು. ಇನ್ನೂ ಏನೇನು ಸುಳ್ಳು ಹೇಳ್ತಾನೋ ಕೇಳ್ಬೇಕು ನಂಗೆ."