ಚಾ ಹರಿದ ಕಲ್ಲು

ಬೆಳಗ್ಗಿನಿಂದ ನನಗೆ ಕೂತಲ್ಲಿ ಕೂರಲಿಕ್ಕೆ ಆಗುತ್ತಿಲ್ಲ. ಮಗಳು ಮೆಚ್ಚಿದ ಹುಡುಗ ಚೇತನನ ಅಮ್ಮ ಕೃಷ್ಣಾಬಾಯಿ ಬರುವವರಿದ್ದಾರೆ. ನನ್ನ ಮಗಳು ಅಪೇಕ್ಷಾಳನ್ನು ಸೊಸೆ ಮಾಡಿಕೊಳ್ಳುತ್ತಾರೋ ಇಲ್ಲವೋ ಇವತ್ತೇ ಹೇಳುತ್ತಾರಂತೆ. ಅವರು ದಲಿತರು, ನಾವು ಕುಂದಾಪುರ ಕಡೆಯಿಂದ ಈ ಮರಾಠಿ ಊರಿಗೆ ಬಂದ ಹೋಟೆಲಿನವರು. ನಮ್ಮ ನೆಂಟರ ಊದಿದ ಮುಖ ಈಗಷ್ಟೇ ಇಳಿದಿದೆ.

ಅದರ ಮೇಲೆ ಈ ಹುಡುಗಿಯ ಹುಚ್ಚು ಬೇರೆ. ಖರಾಡಿಯ ಆಫೀಸಿನಲ್ಲಿ ಡಿಸೈನರ್ ಅಲ್ವಾ, ಸ್ವಾರಗೇಟಿನ ನಮ್ಮ ಹೋಟೆಲಿಗೆ ಹಳೇ ಚಂದ ತರಲಿಕ್ಕೆ ಹೊರಟಿದ್ದಾಳೆ. ಗಲ್ಲಾದ ಹತ್ತಿರದ ಉದ್ದ ಕೈಯ ಕುರ್ಚಿ ತೋರಿಸಿ, "ಇದರ ಕೈ ಯಾಕೆ ಇಷ್ಟುದ್ದ ಗೊತ್ತುಂಟಾ ಅಮ್ಮಾ? ಸಾಹೇಬ ಕಾಲು ಮೇಲಿಡಬೇಕು, ಆಳು ಬೂಟು ಎಳೆಯಬೇಕು. ಮರದಲ್ಲೇ ದರ್ಬಾರು ಕೆತ್ತಿದ್ದಾರೆ," ಎಂದಳು. ಕುರ್ಚಿ ಓದಲು ಬರುವವಳಿಗೆ ಮನೆಯವರ ಗೋಡೆ ಓದಲು ಬರಲಿಲ್ಲ.

ಪಕ್ಕದ ಗೋಡೆಯಲ್ಲಿ ಹಲಗೆ ಹೊಡೆದು ಮುಚ್ಚಿದ್ದ ಕಿಟಕಿಯನ್ನು ನಿನ್ನೆ ತೆಗೆಸಿದಳು. ಅಲ್ಲೊಂದು ಇಳಿಜಾರು ಕಲ್ಲು, ಒಳಗೆ ಎದೆಮಟ್ಟ, ಹೊರಗೆ ಮೊಣಕಾಲ ಮಟ್ಟ. ನಡುವೆ ನೀರಿನ ದಂಬೆಯ ಹಾಗೆ ಕೊರೆದ ಕಾಲುವೆ. ಒಳಗಿನಿಂದ ಚಾ ಹೊಯ್ದರೆ ಹರಿದು ಹೊರಗಿನ ಲೋಟಕ್ಕೆ ಬೀಳುತ್ತದೆ. "ಮುತ್ತಜ್ಜನ ಕಾಲದ್ದೇ ಕಾಂಟ್ಯಾಕ್ಟ್‌ಲೆಸ್ ಡೆಲಿವರಿ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒಳಗೆ ಸೇರಿಸದ ಹಮಾಲರಿಗೆ ಅಲ್ಲಿಂದ, ಅವರೇ ತಂದ ಪಾತ್ರೆಗೆ ಚಾ ಹೊಯ್ಯುತ್ತಿದ್ದರೆಂದು ಮಾವ ಹೇಳಿದ್ದರು. ಗಂಡ ಭುಜಂಗರಾಯರಿಗೆ ಹೇಳಿದರೆ, "ಸುಮ್ಮನಿರು ಮಾರಾಯ್ತಿ, ಈಗ ಯಾರಿಗೆ ಗೊತ್ತಾಗ್ತದೆ?" ಎಂದರು. ಅವರ ಪಂಚಾತಿಕೆ ಯಾವಾಗಲೂ ಇಷ್ಟೇ. ಮದುವೆ ಮುರಿದೀತೆಂಬ ಹೆದರಿಕೆಗೆ ನಾನೂ ಬಾಯಿ ಮುಚ್ಚಿದೆ.

ಕೃಷ್ಣಾಬಾಯಿ ಬಂದದ್ದೇ ತಡ, ಮಗಳು ಅವರನ್ನು ಹೊರಗೆ ಕಿಟಕಿಯ ಹತ್ತಿರ ನಿಲ್ಲಿಸಿ ಕೈಗೆ ಲೋಟ ಕೊಟ್ಟಳು. "ಮೊದಲ ಚಾ ನಿಮಗೇ!" ನಾನು ಅವರ ಹಿಂದೆಯೇ ಹೊರಗೆ ಓಡಿದೆ.

ಅವರು ಕಲ್ಲಿನ ಮೇಲೆ ಕೈಯಾಡಿಸಿದರು. "ನನ್ನ ಅಜ್ಜ ಇಲ್ಲೇ ದಿನಸಿ ಮಂಡಿಯಲ್ಲಿ ಹಮಾಲರಾಗಿದ್ದರು," ಎಂದರು ಮರಾಠಿಯಲ್ಲಿ. "ಸೊಂಟಕ್ಕೆ ತಗಡಿನ ಡಬ್ಬಿ ಕಟ್ಟದೆ ಮನೆ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲ."

ಅಪೇಕ್ಷಾ ಕಲ್ಲು ನೋಡಿದಳು, ನನ್ನನ್ನು ನೋಡಿದಳು. "ನಿಂಗೆ ಗೊತ್ತಿತ್ತಾ ಅಮ್ಮಾ?" ನಾನು ಹೌದೆಂದು ತಲೆಯಾಡಿಸಿದೆ.

ಕೃಷ್ಣಾಬಾಯಿ ಲೋಟವನ್ನು ನನ್ನ ಕೈಗಿತ್ತು ಮುಂಬಾಗಿಲಿನಿಂದ ಒಳಗೆ ಹೋದರು. ಕಿಟಕಿಯ ಆಚೆ ಕೆಟಲ್ ಸದ್ದಾಯಿತು. "ಹಿಡಿಯಿರಿ, ಪ್ರಫುಲ್ಲಾಬಾಯಿ."

ಹಿಡಿಯಬೇಕಾದರೆ ಸೊಂಟ ಮುರಿಯುವಷ್ಟು ಬಗ್ಗಬೇಕು. ಬಗ್ಗಿದೆ. ಚಾ ಕೈಮೇಲೆ ಸಿಡಿಯಿತು. ಹಾಗೆ ಬಗ್ಗಿದರೆ ಹೊಯ್ಯುವವರ ಮುಖ ಕಾಣುವುದೇ ಇಲ್ಲ, ನಾಚಿಕೆಯಲ್ಲಿ ನನಗದು ಒಳ್ಳೆಯದೇ ಆಯಿತು.

"ಇವತ್ತೇ ಒಡೆಸುತ್ತೇನೆ," ಎಂದೆ.

"ಬೇಡ, ಇರಲಿ," ಎಂದಿತು ಕಿಟಕಿಯೊಳಗಿನ ದನಿ. "ಮದುವೆ ಇಲ್ಲೇ ಮಾಡೋಣ. ನಿಮ್ಮ ನೆಂಟರಿಗೆಲ್ಲ ಚಾ ನಾನೇ ಹೊಯ್ಯುತ್ತೇನೆ. ಈಗ ನಿಮ್ಮ ಯಜಮಾನರನ್ನು ಹೊರಗೆ ಕರೆಯಿರಿ."