ಬಾನೆಟ್ಟಿನ ವಿಭೂತಿ

ಹತ್ತಿ ವ್ಯಾಪಾರದ ಉರುಕುಂದಪ್ಪನವರು ಕೆಂಪು ಪಿಕಪ್ ತಂದ ದಿನವೇ ಸೊಸೆ ತ್ರಿವೇಣಿಗೆ ಕರಾರು ಹಾಕಿದ್ದರು. "ಲೋಡ್ ಹೇರಿಕೊಂಡು ಎಲ್ಲಿ ಬೇಕಾದ್ರೂ ಹೋಗವ್ವಾ. ಆದ್ರ ಮುಂದಿನ ಬಣ್ಣ ಒಂದು ಚುಕ್ಕಿ ಹಾರಿದ್ರೂ ಕೀಲಿ ನನ್ನ ಕೈಗೆ. ಟಿಪ್ಪರ್ ಹಿಂದ ಅಂಟಿಕೊಂಡು ಹೋಗಬ್ಯಾಡ, ಕಲ್ಲು ಸಿಡಿತಾವು."

ತ್ರಿವೇಣಿಗೆ ಆ ಕೀಲಿ ಎಂದರೆ ಪ್ರಾಣ. ಮದುವೆಯಾಗಿ ಆದೋನಿಗೆ ಬಂದವಳು ಮೊದಲೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದ ಊರುಗಳಿಗೆ ಈಗ ತಾನೇ ಗಾಡಿ ಹೊಡೆದುಕೊಂಡು ಹೋಗುತ್ತಿದ್ದಳು. ಜಲ್ಲಿ ಕಂಕರಿನ ಟಿಪ್ಪರ್ ಕಂಡರೆ ಅತ್ತೆಯ ತವರಿನವರನ್ನು ಕಂಡಷ್ಟೇ ಮರ್ಯಾದೆಯಿಂದ ದೂರ ಉಳಿಯುತ್ತಿದ್ದಳು. ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗುತ್ತಿದ್ದರು.

ಮಾವನವರ ಜಾಗ್ರತೆಯ ದಾರಿ ಬೇರೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಾನೆಟ್ಟಿಗೆ ಮೂರೆಳೆ ವಿಭೂತಿ ಬಳಿಯುತ್ತಿದ್ದರು. ಬಾನೆಟ್ ತೊಳೆಯುವುದಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ಮೊದಮೊದಲು ಬೆರಳಗಲ ಇದ್ದ ಎಳೆಗಳು ಈಚೆಗೆ ಅಂಗೈಯಗಲ ಆಗಿದ್ದವು. ವಯಸ್ಸಾದ ಹಾಗೆ ಭಕ್ತಿ ಬೆಳೆಯುತ್ತಿದೆ ಎಂದು ಓಣಿಯೆಲ್ಲ ಮೆಚ್ಚಿಕೊಂಡಿತ್ತು.

ಒಂದು ಭಾನುವಾರ ನಂದವರಂನಿಂದ ಬರುವಾಗ, ರಸ್ತೆ ಕೆಲಸ ನಡೆದಲ್ಲಿ ಎದುರಿನ ಲಾರಿಯೊಂದು ಕಲ್ಲು ಸಿಡಿಸಿತು. ಟಕ್ ಅಂದದ್ದೇ ತ್ರಿವೇಣಿ ಗಾಡಿ ಬದಿಗೆ ಹಾಕಿದಳು. ಇಳಿದು ನೋಡಿದರೆ ಹೆಡ್‌ಲೈಟಿನ ಮೇಲೆ ಬಾನೆಟ್ಟಿನ ಅಂಚಿನಲ್ಲಿ ಹೆಸರುಕಾಳಿನಷ್ಟು ಬಣ್ಣ ಹಾರಿಹೋಗಿತ್ತು.

ಪೇಂಟಿನ ಅಂಗಡಿಯ ಶ್ರೀನು ಅದೇ ಕೆಂಪಿನ ಪುಟ್ಟ ಸೀಸೆ ಕೊಟ್ಟ. "ಏಂ ಕಾದು ಅಕ್ಕಾ, ಏನೂ ಆಗಂಗಿಲ್ಲ, ಮನ್ಯಾಗ ಆಗೋ ಕೆಲಸ. ಮೊದಲು ಪೂರಾ ತೊಳೆದು ಒಣಗಿಸು. ಬಣ್ಣ ಹಾರಿದ ಕಡೆ ಉಪ್ಪುಕಾಗದ ಮೆತ್ತಗ ಆಡಿಸು. ಕಡ್ಡಿ ತುದೀಲೆ ತೆಳ್ಳಗ ಮುಟ್ಟಿಸು, ಆರಿದ ಮ್ಯಾಲೆ ಇನ್ನೊಮ್ಮೆ."

ಮಾವ ಬಜಾರಿಗೆ ಹೋಗಿದ್ದರು. ತ್ರಿವೇಣಿ ಶಿವಶಿವಾ ಎಂದು ಬಾನೆಟ್ಟಿನ ಮೇಲೆ ನೀರು ಸುರಿದಳು. ವಿಭೂತಿ ಹರಿದು ಇಳಿಯಿತು. ಅದರಡಿಯಲ್ಲಿ ಒಂದಲ್ಲ, ಎರಡಲ್ಲ, ಎಳೆಯುದ್ದಕ್ಕೂ ಬಣ್ಣ ಹಾರಿದ ಕಲೆಗಳು. ಕೆಲವಕ್ಕೆ ತುಕ್ಕೂ ಹಿಡಿದಿತ್ತು. ಅವಳು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದಳು. ಇಷ್ಟು ಕಲ್ಲು ತನಗೆ ಎಲ್ಲಿ ಬಡಿದವು?

ಅಷ್ಟರಲ್ಲಿ ಮಾವನವರು ಬಂದರು. ಬೋಳು ಬಾನೆಟ್ ನೋಡಿ ಬಾಗಿಲಲ್ಲೇ ನಿಂತರು. ತ್ರಿವೇಣಿ ಕೀಲಿ ಮುಂದೆ ಹಿಡಿದಳು.

"ಮಾವಾರ, ಮಾತಂದ್ರ ಮಾತು. ಹೆಡ್‌ಲೈಟಿನ ಮ್ಯಾಲಿಂದು ನಂದು. ಉಳಿದವು ಯಾರವ್ರಿ?"

ಉರುಕುಂದಪ್ಪನವರು ಬೇವಿನ ಮರ ನೋಡಿದರು, ಚಪ್ಪಲಿ ನೋಡಿಕೊಂಡರು. "ಸೋಮವಾರಕ್ಕೊಮ್ಮೆ ನಾನ ಗಾಡಿ ಹೊಡಕೊಂಡು ಪತ್ತಿಕೊಂಡಕ್ಕ ಹೋಗ್ತೀನಲ್ಲ," ಎಂದರು ಸಣ್ಣ ದನಿಯಲ್ಲಿ. "ಟಿಪ್ಪರ್ ಹಿಂದ ಹೋದ್ರ ದಾರಿ ಸಲೀಸು ಸಿಗತೈತಿ."

ಅತ್ತೆ ಗುರುಶಾಂತಮ್ಮ ಹೊಸ್ತಿಲ ಮೇಲೆ ಕೂತು ಜೋಳ ಕೇರುತ್ತಿದ್ದರು. "ಪುರಾಣ ಹೇಳಾಕ, ಬದ್ನಿಕಾಯಿ ತಿನ್ನಾಕ," ಎಂದು ಮೊರ ಕೆಳಗಿಟ್ಟು ನಕ್ಕರು. ತ್ರಿವೇಣಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಮಾವನವರ ಮೀಸೆಯೂ ಅಲುಗಿತು. ಎಷ್ಟೋ ದಿನದಿಂದ ಹೊತ್ತಿದ್ದ ಮೂಟೆ ಇಳಿಸಿದವರಂತೆ ಅವರು ಅಂಗಿಯ ತೋಳು ಮಡಚಿ ಉಪ್ಪುಕಾಗದ ಕೈಗೆತ್ತಿಕೊಂಡರು. ಅವರು ತುಕ್ಕು ತಿಕ್ಕಿದರು, ಸೊಸೆ ಕಡ್ಡಿಯಿಂದ ಬಣ್ಣ ಮುಟ್ಟಿಸಿದಳು. ಸಂಜೆಯ ಹೊತ್ತಿಗೆ ಸೀಸೆ ಖಾಲಿಯಾಗಿ ಮಾವನ ಪಂಚೆಯೂ ಒಂದಿಷ್ಟು ಕೆಂಪಾಗಿತ್ತು. ತ್ರಿವೇಣಿ ಕಟ್ಟೆಯ ಮೇಲಿಟ್ಟಿದ್ದ ಕೀಲಿ ಮಾತ್ರ ಅಲ್ಲೇ ಉಳಿಯಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಮರುದಿನ ಸೋಮವಾರ. ಪೂಜೆ ಮುಗಿಸಿ ಮಾವ ವಿಭೂತಿ ಕಲಸಿಕೊಂಡು ಬಂದರು.

"ಬಣ್ಣ ಇನ್ನೂ ಹಸಿ ಐತ್ರಿ ಮಾವಾರ," ಎಂದಳು ತ್ರಿವೇಣಿ.

ಅವರು ಬಾನೆಟ್ ನೋಡಿದರು, ಅಂಗೈ ನೋಡಿಕೊಂಡರು. ಆಮೇಲೆ ಅಷ್ಟೂ ವಿಭೂತಿಯನ್ನು ತಮ್ಮ ಹಣೆಗೇ ದಪ್ಪಗೆ ಬಳಿದುಕೊಂಡರು. ಕಟ್ಟೆಯ ಮೇಲಿನ ಕೀಲಿ ತಂದು ಸೊಸೆಯ ಕೈಗಿಟ್ಟು, ಸುತ್ತು ಹಾಕಿ ಎಡಗಡೆಯ ಬಾಗಿಲು ತೆಗೆದು ಕೂತರು.

"ನಡಿಯವ್ವಾ, ಪತ್ತಿಕೊಂಡಕ್ಕ. ಟಿಪ್ಪರ್ ಬಂದ್ರ ಮುಂದ ಹೋಗಲಿ ಬಿಡು."