ಓರೆಯ ಅಳತೆ

ಅಣ್ಣನ ಲ್ಯಾಂಪ್‌ಶೇಡ್ ಅಂಗಡಿಯಲ್ಲಿ ತಂಗಿಯೇ ಗಣಿತದ ಪಂಡಿತೆ. "ನಮ್ಮ ತಂಗಿ ಇಂಟಿಗ್ರೇಷನ್ ಮಾಡಿ ಹೇಳ್ತಾಳೆ, ಒಂದು ಗೇಣು ರೇಷ್ಮೆ ಕೂಡ ದಂಡ ಆಗಲ್ಲ" ಎಂದು ಬಂದ ಗಿರಾಕಿಗಳ ಮುಂದೆಲ್ಲ ಅಣ್ಣ ಎದೆಯುಬ್ಬಿಸುತ್ತಿದ್ದ. ಹೊಗಳಿಕೆಯೇನೋ ಸರಿ, ಅದೇ ಅವಳ ಕಾಲಿಗೆ ಕಟ್ಟಿದ ಹಗ್ಗವೂ ಆಗಿತ್ತು. ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಸೋಮವಾರ ಹೋಗಿ ಸೇರಬೇಕು. ಅಣ್ಣನದು ಮಾತ್ರ ಒಂದೇ ರಾಗ: "ನೀನು ಹೋದ್ರೆ ಲೆಕ್ಕ ಯಾರು ಮಾಡ್ತಾರೆ? ಅಂಗಡಿ ಮುಚ್ಚಬೇಕಷ್ಟೆ."

ಸರಿ, ಲೆಕ್ಕವನ್ನೇ ಕೆಡಿಸಿದರೆ?

ಹೋಟೆಲೊಂದಕ್ಕೆ ಘಂಟೆಯಾಕಾರದ ಶೇಡ್‌ಗಳು ಬೇಕಿದ್ದವು. ನಡುಗಂಬಿಯ ಪಕ್ಕ ಬಾಗಿದ ಗೆರೆಯೊಂದನ್ನು ಎಳೆದು, ಕಂಬಿಯ ಸುತ್ತ ತಿರುಗಿಸಿದರೆ ಘಂಟೆ. ಅದನ್ನು ತೆಳ್ಳನೆಯ ಬಳೆಗಳಾಗಿ ಕೊಯ್ದು, ಒಂದೊಂದರ ಸುತ್ತಳತೆಯನ್ನೂ ಅಗಲದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. ಅಗಲವನ್ನು ಗೆರೆಯ ಮೇಲೆ ಓರೆಯಾಗಿ ಅಳೆಯಬೇಕೇ ಹೊರತು ಕಂಬಿಯ ಮೇಲೆ ನೆಟ್ಟಗಲ್ಲ. ಹೊಸದಾಗಿ ಕಲಿಯುವವರೆಲ್ಲ ಎಡವುವುದು ಇಲ್ಲೇ. ಅವಳು ಬೇಕೆಂದೇ ಎಡವಿದಳು. ಕೊನೆಯ ಶೇಡ್‌ಗೆ ಬರುವಷ್ಟರಲ್ಲಿ ಘಂಟೆ ಕೆಳಗೆ ಅರಳುವ ಕಡೆ ಬಟ್ಟೆ ಸಾಲುವುದಿಲ್ಲ, ಅಣ್ಣ ಕೆಂಡಾಮಂಡಲವಾಗಿ "ತೊಲಗು" ಅನ್ನುತ್ತಾನೆ, ಅಷ್ಟಾದರೆ ಸಾಕು. ಪೆಟ್ಟಿಗೆ ಕಟ್ಟಿಯೇ ಇತ್ತು.

ಶನಿವಾರ ಅಣ್ಣ ಮೊದಲ ಕಂತಿನ ಶೇಡ್‌ಗಳನ್ನು ಕೊಡಲು ಹೋಟೆಲಿಗೆ ಹೋಗಿದ್ದ. ಅತ್ತಿಗೆ ಕೊನೆಯದನ್ನು ಹೊಲಿಯುತ್ತಿದ್ದಳು, ತಂಗಿ ಎರಡೂ ಕೈಯಲ್ಲಿ ಅಂಚು ಹಿಡಿದಿದ್ದಳು. ರೇಷ್ಮೆ ಕೆಳಗಿನ ಬಳೆಯವರೆಗೂ ಬಂತು. ಬಂದು ಮಿಕ್ಕಿತು ಕೂಡ!

"ಬಟ್ಟೆ ಸಾಲ್ತಾ, ಅತ್ತಿಗೆ?"

"ಸಾಲದೇ ಏನು? ನೀನು ಹೇಳಿದ್ದಕ್ಕೆ ಅರ್ಧದಷ್ಟು ಸೇರಿಸಿಯೇ ನಿಮ್ಮಣ್ಣ ತರೋದು, ಯಾವಾಗ್ಲೂ. ಈ ಸಲ ಯಾಕೋ ಉಳಿದಿದ್ದು ಒಂದು ದಿಂಬಿಗೂ ಆಗಲ್ಲ."

ಮನೆಯ ದಿಂಬುಗಳಿಗೆಲ್ಲ ರೇಷ್ಮೆಯ ಗವಸು. ವರ್ಷಗಟ್ಟಲೆ ಅವುಗಳ ಮೇಲೆ ತಲೆಯಿಟ್ಟು ಮಲಗಿದ ನಮ್ಮ ಪಂಡಿತೆಗೆ, ಲೆಕ್ಕ ಸರಿಯಿದ್ದರೆ ಈ ಬಟ್ಟೆ ಉಳಿದದ್ದು ಎಲ್ಲಿಂದ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಮೊದಲು ನಾಚಿಕೆಯಾಯಿತು, ಹಿಂದೆಯೇ ಖುಷಿಯಾಯಿತು. ಲೆಕ್ಕ ಯಾರಿಗೂ ಬೇಡವಾದರೆ ಅವಳು ಹೋಗಬಹುದಲ್ಲ!

"ಹಾಗಾದ್ರೆ ಅಣ್ಣ ನನ್ನ ಯಾಕೆ ಬಿಡ್ತಿಲ್ಲ?"

ಸೂಜಿ ನಿಂತಿತು. ಅತ್ತಿಗೆ ತಲೆಯೆತ್ತಲಿಲ್ಲ.

"ಬಿಡಬೇಡಿ ಅಂದವಳು ನಾನೇ ಕಣೇ. ಅವರ ಮಾತೆಲ್ಲ ಗಿರಾಕಿಗಳಿಗೇ ಮುಗಿದುಹೋಗುತ್ತೆ. ಊಟ ಆಯ್ತಾ ಅಂತ ನನ್ನನ್ನ ಕೇಳಿದವರಲ್ಲ. ನೀನೂ ಹೋದ್ರೆ ನಾನು ಬಾಯಿ ಬಿಡೋದು ಯಾರ ಹತ್ರ?"

ಅವಳಿಗೆ ಮೈಯೆಲ್ಲ ಉರಿಯಿತು. ಅಣ್ಣನಾಗಿದ್ದರೆ ಜಗಳವಾಡಬಹುದಿತ್ತು. ಕರವಸ್ತ್ರಕ್ಕೆ ಕೈಚಾಚದೆ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ ಈ ಹೆಂಗಸಿನ ಹತ್ತಿರ ಏನೆಂದು ಜಗಳವಾಡುವುದು?

"ಸೋಮವಾರ..." ಎಂದಳು ತಂಗಿ.

"ಗಟ್ಟಿಯಾಗಿ ಹಿಡ್ಕೋ, ಸುಕ್ಕಾಗುತ್ತೆ" ಎಂದಳು ಅತ್ತಿಗೆ.

ಅವಳು ಹಿಡಿದುಕೊಂಡಳು.